ಗೇರ್ ಹಾಕಿದರೆ ನಿಲ್ಲುವ ಎಂಜಿನ್: ಒಂದು ಐಡ್ಲಿಂಗ್ ಸ್ಕ್ರೂವಿನ ಹಿಂದೆ ಹತ್ತು ದಿನ

ನಮ್ಮ ಮನೆಯದು 38 ಅಡಿ ಉದ್ದದ ಮರದ ಟ್ರಾಲ್ ಬೋಟು. ಬೆಳಗಿನ ಜಾವ ಹೊರಟು ಸಂಜೆಯೊಳಗೆ ಉಡುಪಿ ಜಿಲ್ಲೆಯ ಗಂಗೊಳ್ಳಿ ಬಂದರಿಗೆ ಮರಳುವ ಬೋಟು ಅದು. ಚಿಕ್ಕಪ್ಪ ತಾಂಡೇಲರು, ಅಂದರೆ ಬೋಟು ನಡೆಸುವವರು; ಎಂಜಿನ್ನಿನ ಜವಾಬ್ದಾರಿ ನನ್ನದು. ಎಂಜಿನ್ ಆರು ಸಿಲಿಂಡರಿನದು, ಸುಮಾರು ನೂರು ಕುದುರೆ ಶಕ್ತಿಯದು, ಟರ್ಬೊ ಇಲ್ಲದ್ದು, ಲಾರಿಯ ಎಂಜಿನ್ನಿನ ಬಳಗಕ್ಕೇ ಸೇರಿದ ಹಳೆಯ ಮಾದರಿ. ಗೇರ್ ಬಾಕ್ಸಿನ ಅನುಪಾತ 3ಕ್ಕೆ 1. ಅಂದರೆ ಎಂಜಿನ್ ಮೂರು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಒಂದು ಸುತ್ತು ತಿರುಗುತ್ತದೆ. ಡೀಸೆಲ್ ಪಂಪು ಸಾಲಿನ ಮಾದರಿಯ ಮೈಕೋ ಪಂಪು, ಎಂಜಿನ್ನಿನ ವೇಗವನ್ನು ಹದದಲ್ಲಿಡುವ ಅದರ ಗವರ್ನರ್ ಆರ್‌ಎಸ್‌ವಿ ಎಂದು ಫಲಕದಲ್ಲಿ ಕೆತ್ತಿದೆ. ಬೆಂಗಳೂರಿನ ಆ ಕಂಪನಿ 2008ರಲ್ಲಿಯೇ ಹೆಸರು ಬದಲಿಸಿ ಬಾಷ್ ಎಂದಾಗಿದ್ದರೂ ನಮ್ಮ ಬಂದರಿನಲ್ಲಿ ಪಂಪೆಂದರೆ ಇಂದಿಗೂ ಮೈಕೋ ಪಂಪೇ. ಮುಂದೆ ಹೇಳಲಿರುವ ಯಾವ ತೊಂದರೆಯೂ ಆ ಪಂಪಿನದಲ್ಲವೆಂಬುದನ್ನು ಮೊದಲೇ ಬರೆದಿಡುತ್ತೇನೆ; ಹತ್ತು ದಿನ ನಾನು ಅದರ ಮೇಲೆಯೇ ಸಂಶಯಪಟ್ಟಿದ್ದೆ.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕಾ ನಿಷೇಧದ ಅವಧಿಯಲ್ಲಿ ಬೋಟನ್ನು ದಡಕ್ಕೆ ಎಳೆದು ಹಲಗೆಗಳ ಸಂದು ತುಂಬಿಸಿ, ಬಣ್ಣ ಬಳಿದು, ಎಂಜಿನ್ ಆಯಿಲ್ ಬದಲಿಸಿ, ಪ್ರೊಪೆಲ್ಲರಿನ ಶಾಫ್ಟ್ ಬೋಟಿನಿಂದ ಹೊರಹೋಗುವ ಸ್ಟರ್ನ್ ಟ್ಯೂಬಿನಲ್ಲಿ ನೀರು ತಡೆಯುವ ಗ್ಲ್ಯಾಂಡಿಗೆ ಹೊಸ ಪ್ಯಾಕಿಂಗ್ ಹಗ್ಗ ಹಾಕಿದ್ದೆವು. ಬೋಟು ನೀರಿಗಿಳಿದ ಮೇಲೆ ಅದರ ತಳದಲ್ಲಿ ಹನಿ ನೀರೂ ನಿಲ್ಲದಿರುವುದನ್ನು ಕಂಡು, ಈ ವರ್ಷದ ಕೆಲಸ ಅಚ್ಚುಕಟ್ಟಾಗಿದೆಯೆಂದು ನಾನು ನಾಲ್ಕಾರು ಮಂದಿಯಲ್ಲಿ ಹೇಳಿಕೊಂಡದ್ದೂ ಉಂಟು.

ಆಗಸ್ಟ್ 3: ಮೊದಲ ಲಕ್ಷಣ

ಋತುವಿನ ಮೊದಲ ಹೊರಡುವಿಕೆಯಲ್ಲೇ ತೊಂದರೆ ಕಾಣಿಸಿಕೊಂಡಿತು. ನ್ಯೂಟ್ರಲ್‌ನಲ್ಲಿ ಎಂಜಿನ್ ಒಂದೇ ಸಮನೆ ಓಡದೆ ಏರುತ್ತ ಇಳಿಯುತ್ತ ಉಸಿರಾಡಿದಂತೆ ಸದ್ದು ಮಾಡುತ್ತಿತ್ತು. ಮೆಕ್ಯಾನಿಕರು ಹಂಟಿಂಗ್ ಎಂದು ಕರೆಯುವುದು ಇದನ್ನೇ. ಮುಂದಿನ ಗೇರಿಗೆ ಹಾಕಿದೊಡನೆ ಎಂಜಿನ್ ಕುಗ್ಗಿ, ಎರಡು ಸಲಕ್ಕೊಮ್ಮೆ ನಿಂತೇ ಹೋಗುತ್ತಿತ್ತು. "ಗೇರ್ ಹಾಕ್ರೆ ಸತ್ತ್ ಹೋತ್ತ್ ಮಾರಾಯ, ಸ್ಲೋ ಸ್ವಲ್ಪ ಏರ್ಸ್" ಎಂದು ಚಿಕ್ಕಪ್ಪ ಚುಕ್ಕಾಣಿ ಕೋಣೆಯಾದ ವೀಲ್ ಹೌಸಿನಿಂದ ಕೂಗಿದರು. ನಮ್ಮಲ್ಲಿ ಐಡ್ಲಿಂಗಿಗೆ, ಅಂದರೆ ಆಕ್ಸಿಲರೇಟರ್ ಏರಿಸದಿರುವಾಗ ಎಂಜಿನ್ ಓಡುವ ಕನಿಷ್ಠ ವೇಗಕ್ಕೆ, ಸ್ಲೋ ಎಂದೇ ಹೇಳುವುದು.

ನೆಲದ ಮೇಲಿನ ವಾಹನ ಹೀಗೆ ನಿಂತರೆ ಮತ್ತೆ ಕೀಲಿ ತಿರುವಿದರಾಯಿತು. ಗಂಗೊಳ್ಳಿಯಲ್ಲಿ ಹಾಗಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ ಮುಂತಾದ ಐದು ನದಿಗಳು ಒಟ್ಟಾಗಿ ಪಂಚಗಂಗಾವಳಿಯೆನಿಸಿ ಕಡಲು ಸೇರುವ ಅಳಿವೆಯಲ್ಲಿ ಮರಳ ದಿಣ್ಣೆಯೂ ಇದೆ, ಆಗಸ್ಟಿನಲ್ಲಿ ನೆರೆನೀರಿನ ಸೆಳೆತವೂ ಇದೆ. ಇಳಿತದ ಹೊತ್ತಿನಲ್ಲಿ ಅಲ್ಲಿ ಎಂಜಿನ್ ನಿಂತರೆ ಬೋಟು ಯಾರ ಮಾತನ್ನೂ ಕೇಳುವುದಿಲ್ಲ.

ಆಗಸ್ಟ್ 5: ತಪ್ಪಾದ ಮೊದಲ ಹೆಜ್ಜೆ

ಬೆಳಗ್ಗೆ ನಾಲ್ಕು ಗಂಟೆಗೆ, ಎಂಜಿನ್ ಸ್ಟಾರ್ಟ್ ಮಾಡಿ ಐದು ನಿಮಿಷವೂ ಆಗಿರದಾಗ, ಟಾರ್ಚ್ ಬೆಳಕಿನಲ್ಲಿ ಗವರ್ನರಿನ ಐಡ್ಲಿಂಗ್ ಸ್ಕ್ರೂವಿನ ಲಾಕ್ ನಟ್ಟನ್ನು 10 ಎಂಎಂ ಸ್ಪ್ಯಾನರಿನಿಂದ ಸಡಿಲಿಸಿ, ಸ್ಕ್ರೂವನ್ನು ಒಂದೂವರೆ ಸುತ್ತು ಒಳಕ್ಕೆ ತಿರುಗಿಸಿದೆ. ಸದ್ದು ಹಿತವಾಯಿತು, ಗೇರಿಗೆ ಹಾಕಿದರೂ ಎಂಜಿನ್ ನಿಲ್ಲಲಿಲ್ಲ, ಹೊರಟೆವು.

ಈ ಒಂದು ಕೆಲಸದಲ್ಲಿ ಮೂರು ತಪ್ಪುಗಳಿದ್ದವು. ಮೊದಲನೆಯದಾಗಿ, ಎಂಜಿನ್ ತಣ್ಣಗಿತ್ತು; ತಣ್ಣಗಿರುವಾಗ ಆಯಿಲ್ ಮಂದವಾಗಿದ್ದು ಎಂಜಿನ್ ತನ್ನ ಘರ್ಷಣೆಗೇ ಕುಗ್ಗಿರುತ್ತದೆ, ಬಿಸಿಯಾದಂತೆ ಅದೇ ಸ್ಕ್ರೂವಿನಲ್ಲಿ ವೇಗ ತಾನಾಗಿ ಏರುತ್ತದೆ. ಎರಡನೆಯದಾಗಿ, ಸ್ಕ್ರೂ ಮೊದಲು ಎಷ್ಟು ಹೊರಚಾಚಿತ್ತೆಂಬುದನ್ನು ನಾನು ಅಳೆದಿರಲಿಲ್ಲ, ಬಣ್ಣದ ಗುರುತನ್ನೂ ಹಾಕಿರಲಿಲ್ಲ. ಒಂದೂವರೆ ಸುತ್ತು ಎಂಬುದೂ ಆಮೇಲೆ ನೆನಪಿನಿಂದ ಹೇಳುತ್ತಿರುವ ಲೆಕ್ಕವೇ. ಮೂರನೆಯದಾಗಿ, ವೇಗವನ್ನು ಕಿವಿಯಿಂದ ನಿರ್ಧರಿಸಿದ್ದೆ. ವೀಲ್ ಹೌಸಿನ ಮೀಟರು ಸತ್ತು ನಾಲ್ಕು ವರ್ಷವಾಗಿತ್ತು.

ಪರಿಣಾಮ ಸಂಜೆಗೆ ತಿಳಿಯಿತು. ದಿನವಿಡೀ ಓಡಿ ಬಿಸಿಯಾದ ಎಂಜಿನ್ ಸ್ಲೋನಲ್ಲಿಯೂ ಬೋಟನ್ನು ದೂಡುತ್ತಿತ್ತು. ಗೇರ್ ಬದಲಿಸಿದಾಗಲೆಲ್ಲ ದಡ್ಡೆಂದು ಹೊಡೆತ ಬಿದ್ದು ಎಂಜಿನ್ ಕೂತ ದಿಮ್ಮಿಯೇ ನಡುಗುತ್ತಿತ್ತು. ಜೆಟ್ಟಿಗೆ ಬರುವಾಗ ವೇಗ ಕಡಿಮೆಯಾಗದೆ ನಮ್ಮ ಮೂತಿ ಪಕ್ಕದ ಬೋಟಿನವರು ಕಟ್ಟಿದ್ದ ಹಳೆಯ ಟಯರಿಗೆ ಬಡಿಯಿತು. ಟಯರ್ ಇದ್ದುದರಿಂದ ಮಾತಿನಲ್ಲೇ ಮುಗಿಯಿತು.

ಆಗಸ್ಟ್ 6: ಅಳತೆ, ಮತ್ತು ಅಳತೆಯ ಮೋಸ

ಕುಂದಾಪುರದಿಂದ ಬೆಳಕಿನ ಕಿರಣದಿಂದ ಅಳೆಯುವ ಡಿಜಿಟಲ್ ಟ್ಯಾಕೊಮೀಟರ್ ತಂದೆ. ಬೆಲೆ 1,150 ರೂಪಾಯಿ. ಜೊತೆಗೆ ಬರುವ ಹೊಳೆಯುವ ಟೇಪಿನ ತುಂಡೊಂದನ್ನು ಎಂಜಿನ್ನಿನೊಡನೆ ತಿರುಗುವ ಕ್ರ್ಯಾಂಕ್ ಪುಲ್ಲಿಗೆ ಅಂಟಿಸಿ, ಕಿರಣವನ್ನು ಅದರತ್ತ ಹಿಡಿದರೆ ನಿಮಿಷಕ್ಕೆ ಎಷ್ಟು ಸುತ್ತೆಂಬ ಲೆಕ್ಕ ಬರುತ್ತದೆ. ಪುಲ್ಲಿಯನ್ನು ಸೀಮೆ‌ಎಣ್ಣೆಯಲ್ಲಿ ಒರೆಸಿ ಒಣಗಿಸದಿದ್ದರೆ ಟೇಪ್ ಹತ್ತು ನಿಮಿಷ ಕೂಡ ನಿಲ್ಲುವುದಿಲ್ಲ. ಎರಡು ತುಂಡು ಹಾಗೆಯೇ ಹಾರಿಹೋದವು. ಬೆಲ್ಟಿನ ಹತ್ತಿರ ಕೈಯಿಡುವ ಕೆಲಸವಾದ್ದರಿಂದ ಲುಂಗಿ ಉಟ್ಟು ಇಳಿಯಬಾರದು, ಹೆಗಲ ಮೇಲೆ ಬೈರಾಸು (ಟವೆಲ್ಲು) ಇರಬಾರದು.

ಮೊದಲ ಅಳತೆ 6,000 ಎಂದು ತೋರಿಸಿತು. ನಾಲ್ಕು ಬಾರಿ ಹಿಡಿದರೂ 6,000ವೇ. ಎಂಜಿನ್ ಆರಿಸಿದ ಮೇಲೂ ಅದೇ ಅಂಕಿ ಬಂದಾಗ ಕಾರಣ ಹೊಳೆಯಿತು: ಜೆಟ್ಟಿಯಿಂದ ವಯರ್ ಎಳೆದು ಎಂಜಿನ್ ರೂಮಿನಲ್ಲಿ ತೂಗುಹಾಕಿದ್ದ ಟ್ಯೂಬ್‌ಲೈಟು. ನಮ್ಮ ವಿದ್ಯುತ್ 50 ಹರ್ಟ್ಸ್. ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಿಮಿಷಕ್ಕೆ 6,000. ಮೀಟರು ಎಂಜಿನ್ನನ್ನಲ್ಲ, ದೀಪವನ್ನು ಎಣಿಸುತ್ತಿತ್ತು. ದೀಪ ಆರಿಸಿ ಬ್ಯಾಟರಿ ಟಾರ್ಚ್ ಇಟ್ಟುಕೊಂಡೆ.

ಎರಡನೆಯ ಅಳತೆ 1,640. ಸ್ಲೋನಲ್ಲಿ ಓಡುವ ಎಂಜಿನ್ನಿಗೆ ಇದೂ ಅಸಾಧ್ಯ. ಪರೀಕ್ಷೆಗಾಗಿ ಮೊಬೈಲಿನಲ್ಲಿ ಸೆಕೆಂಡಿಗೆ 240 ಚಿತ್ರ ಹಿಡಿಯುವ ಸ್ಲೋಮೋಷನ್ ವಿಡಿಯೊ ಮಾಡಿ, ಟೇಪ್ ಹತ್ತು ಸುತ್ತು ಬರಲು ಎಷ್ಟು ಚಿತ್ರಗಳು ಬೇಕಾದವೆಂದು ಒಂದೊಂದಾಗಿ ಎಣಿಸಿದೆ. 176 ಚಿತ್ರಗಳು. ಅಂದರೆ ಒಂದು ಸುತ್ತಿಗೆ 17.6 ಚಿತ್ರ, ನಿಮಿಷಕ್ಕೆ ಸುಮಾರು 818 ಸುತ್ತು. ಮೀಟರು ತೋರಿಸಿದ್ದರ ಸರಿಯಾಗಿ ಅರ್ಧ. ಪುಲ್ಲಿಯ ಇನ್ನೊಂದು ಬದಿಯಲ್ಲಿ ಸವೆದು ಹೊಳೆಯುತ್ತಿದ್ದ ಬೋಲ್ಟಿನ ತಲೆ ಎರಡನೆಯ ಟೇಪಿನಂತೆ ಕೆಲಸ ಮಾಡಿತ್ತು. ಅದಕ್ಕೆ ಕಪ್ಪು ಬಣ್ಣ ಬಳಿದ ಮೇಲೆ ಮೀಟರು 820 ಎಂದಿತು. ಈ ಮೊಬೈಲ್ ಲೆಕ್ಕದ ಉಪಾಯ ಮೊದಲೇ ಹೊಳೆದಿದ್ದರೆ ಮೀಟರಿನ ಖರ್ಚೂ ಉಳಿಯುತ್ತಿತ್ತು, ಆದರೆ ಸ್ಕ್ರೂ ತಿರುಗಿಸುತ್ತ ಚಿತ್ರ ಎಣಿಸುವುದು ಆಗದ ಮಾತು.

ಕೈಪಿಡಿಯಲ್ಲಿ ಈ ಎಂಜಿನ್ನಿಗೆ 600ರಿಂದ 650 ಎಂದಿದೆ. ನನ್ನ ಕಿವಿ 170 ಸುತ್ತುಗಳಷ್ಟು ಮೋಸ ಹೋಗಿತ್ತು. ಸ್ಕ್ರೂವನ್ನು ಅಂದಾಜಿನಲ್ಲಿ ಒಂದೂವರೆ ಸುತ್ತು ಹೊರಕ್ಕೆ ತಂದೆ. ವೇಗ 560ರಿಂದ 680ರ ನಡುವೆ ಓಲಾಡತೊಡಗಿತು, ಗೇರಿಗೆ ಹಾಕಿದೊಡನೆ ಎಂಜಿನ್ ನಿಂತಿತು. ಆಗಸ್ಟ್ 3ರ ಸ್ಥಿತಿಗೇ ಬಂದು ನಿಂತಿದ್ದೆ. ಸ್ಕ್ರೂವನ್ನು ಏರಿಸಿ ರೋಗವನ್ನು ಮುಚ್ಚಿದ್ದೆನೇ ಹೊರತು ಕಳೆದಿರಲಿಲ್ಲವೆಂಬುದು ಇಲ್ಲಿ ಸ್ಪಷ್ಟವಾದುದರಿಂದ, ಉಳಿದೆಲ್ಲವೂ ಸರಿಯಾಗುವವರೆಗೆ ಆ ಸ್ಕ್ರೂವನ್ನು ಮತ್ತೆ ಮುಟ್ಟಬಾರದೆಂದು ತೀರ್ಮಾನಿಸಿದೆ.

ಆಗಸ್ಟ್ 7: ಕೇಬಲ್ ಮತ್ತು ಗಾಳಿ

ಮೊದಲು ಆಕ್ಸಿಲರೇಟರ್ ಕೇಬಲನ್ನು ಪಂಪಿನ ಲಿವರಿನಿಂದ ಕಳಚಿದೆ. ಕಳಚಿದೊಡನೆ ಲಿವರು ಎರಡು ಮಿಲಿಮೀಟರ್ ಹಿಂದಕ್ಕೆ ಸರಿದು ಐಡ್ಲಿಂಗ್ ಸ್ಕ್ರೂವಿಗೆ ಟಕ್ಕೆಂದು ತಾಗಿತು. ಅಂದರೆ ಇಷ್ಟು ಹೊತ್ತು ಅದು ಕೆಲವೊಮ್ಮೆ ಸ್ಕ್ರೂವಿನ ಮೇಲೆ, ಕೆಲವೊಮ್ಮೆ ತುಕ್ಕು ಹಿಡಿದ ಕೇಬಲಿನ ಬಲದ ಮೇಲೆ ಕೂರುತ್ತಿತ್ತು. ಹಿಂದಿನ ದಿನದ ಎಷ್ಟು ಅಳತೆಗಳು ಇದರಿಂದ ಕೆಟ್ಟಿದ್ದವೋ ಲೆಕ್ಕವಿಲ್ಲ. ಕೇಬಲನ್ನು ಲಂಬವಾಗಿ ತೂಗುಹಾಕಿ ಮೇಲಿನಿಂದ ಆಯಿಲ್ ಬಿಟ್ಟು ಒಂದು ಗಂಟೆ ಎಳೆದಾಡಿದರೂ ಅದು ಸರಾಗವಾಗಲಿಲ್ಲ. 12 ಅಡಿಯ ಹೊಸ ಕೇಬಲಿಗೆ 1,850 ರೂಪಾಯಿ ಕೊಟ್ಟೆ. ಆದರೆ ಕೇಬಲ್ ಕಳಚಿ ಲಿವರು ಸ್ಕ್ರೂವಿನ ಮೇಲೆಯೇ ಕೂತಾಗಲೂ ಓಲಾಟ ನಿಂತಿರಲಿಲ್ಲ.

ಹೀಗೆ ಒಂದೇ ತಾಳದಲ್ಲಿ ಏರಿಳಿಯುವ ಎಂಜಿನ್ನಿನಲ್ಲಿ ಡೀಸೆಲಿನೊಡನೆ ಗಾಳಿ ಸೇರುತ್ತಿದೆಯೆಂದು ಮೊದಲು ಸಂಶಯಪಡಬೇಕು. ಟ್ಯಾಂಕಿನಿಂದ, ಡೀಸೆಲ್ ಎಳೆದು ಮುಂದೂಡುವ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಎಳೆತವಿರುತ್ತದೆಯೇ ಹೊರತು ಒತ್ತಡವಿರುವುದಿಲ್ಲ; ಆದ್ದರಿಂದ ಅಲ್ಲಿ ಸಂದು ಬಿಟ್ಟರೆ ಡೀಸೆಲ್ ಹೊರಗೆ ಒಸರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಇದನ್ನು ಕಾಣಲು ಫೀಡ್ ಪಂಪು ಮತ್ತು ಫಿಲ್ಟರಿನ ನಡುವೆ 60 ರೂಪಾಯಿಯ ಒಂದು ಮೀಟರ್ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿದೆ. ಎಂಜಿನ್ ಓಡತೊಡಗಿದಾಗ ಸೋಡಾ ಬಾಟಲಿಯಲ್ಲಿ ಕಾಣುವಂತೆ ಸಣ್ಣ ಗುಳ್ಳೆಗಳ ಸಾಲು ಹರಿಯಿತು.

ಒಂದೊಂದೇ ಜೋಡಣೆಗೆ ಗ್ರೀಸ್ ಮೆತ್ತಿ ಗುಳ್ಳೆ ನಿಲ್ಲುತ್ತದೆಯೇ ಎಂದು ನೋಡುತ್ತ ಹೋದೆ. ಫೀಡ್ ಪಂಪಿಗೆ ಪೈಪ್ ಸೇರುವ ಬ್ಯಾಂಜೋ ಬೋಲ್ಟಿಗೆ ಗ್ರೀಸ್ ಮೆತ್ತಿದಾಗ ಗುಳ್ಳೆಗಳು ತೀರಾ ವಿರಳವಾದವು. ಬಿಚ್ಚಿದರೆ ತಾಮ್ರದ ವಾಷರುಗಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಹಣ ಉಳಿಸುವ ಆಸೆಯಿಂದ ಅವನ್ನೇ ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿ ಮರಳಿ ಹಾಕಿದೆ. ಈ ಉಪಾಯ ಹಳೆಯದು ಮತ್ತು ಸರಿಯಾದದ್ದೇ, ಆದರೆ ವಾಷರಿನ ಮೈಯಲ್ಲಿ ಗೀರು ಬಿದ್ದಿರಬಾರದು. ಒಂದರಲ್ಲಿ ಗೀರು ಇತ್ತು, ಗುಳ್ಳೆ ಮತ್ತೆ ಬಂತು. ಹನ್ನೆರಡು ಹೊಸ ವಾಷರುಗಳಿಗೆ ಆದದ್ದು 180 ರೂಪಾಯಿ. ಅದಕ್ಕಾಗಿ ಅರ್ಧ ದಿನ ಕಳೆದಿದ್ದೆ.

ಟ್ಯಾಂಕಿನ ತಳದ ಪ್ಲಗ್ ಬಿಚ್ಚಿದಾಗ ಡೀಸೆಲಿಗಿಂತ ಮೊದಲು ಸುಮಾರು 300 ಮಿಲಿಲೀಟರ್ ನೀರು ಬಂತು. ಎರಡು ತಿಂಗಳು ಅರ್ಧ ಖಾಲಿಯಾಗಿದ್ದ ಟ್ಯಾಂಕಿನ ಒಳಗೋಡೆಯಲ್ಲಿ ಮಳೆಗಾಲದ ತೇವ ಹನಿಗಟ್ಟಿ ಇಳಿದಿತ್ತು. ಟ್ಯಾಂಕನ್ನು ತುಂಬಿಸಿಡಬೇಕೆಂದು ಎಲ್ಲರೂ ಹೇಳುತ್ತಾರೆ. ನಿಷೇಧ ಶುರುವಾಗುವ ದಿನ ಟ್ಯಾಂಕ್ ತುಂಬಿಸುವಷ್ಟು ಹಣ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಎರಡೂ ಫಿಲ್ಟರುಗಳನ್ನು ಬದಲಿಸಿದೆ, 760 ರೂಪಾಯಿ. ಆಮೇಲೆ ಫಿಲ್ಟರಿನ ತಲೆಯ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಕೈಗುಬ್ಬಿಯನ್ನು ಒತ್ತುತ್ತ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಗಾಳಿ ತೆಗೆದು, ಅದನ್ನು ಬಿಗಿದು, ಪಂಪಿನ ಮೈಯ ಸ್ಕ್ರೂವಿನಲ್ಲಿಯೂ ಅದನ್ನೇ ಮಾಡಿದೆ. ಚೆಲ್ಲುವ ಡೀಸೆಲಿಗೆ ಕೆಳಗೆ ಡಬ್ಬಿ ಇಡಬೇಕು. ಅದು ತಳಕ್ಕೆ ಹರಿದರೆ ನೀರೆತ್ತುವ ಪಂಪು ಅದನ್ನು ನೇರವಾಗಿ ಹೊಳೆಗೆ ಬಿಡುತ್ತದೆ.

ಸಂಜೆಯ ಹೊತ್ತಿಗೆ ಓಲಾಟ 120ರಿಂದ 50 ಸುತ್ತುಗಳಿಗೆ ಇಳಿಯಿತು. ಗೇರಿಗೆ ಹಾಕಿದರೆ ಎಂಜಿನ್ ಇನ್ನೂ ನಿಲ್ಲುತ್ತಿತ್ತು.

ಆಗಸ್ಟ್ 8 ಮತ್ತು 9: ಮೂರನೆಯ ಸಿಲಿಂಡರ್

ಸ್ಲೋನಲ್ಲಿ ಓಡುತ್ತಿರುವಾಗ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಒಂದೊಂದೇ ನಾಝಲಿನ ಪೈಪಿನ ನಟ್ಟನ್ನು 17 ಎಂಎಂ ಸ್ಪ್ಯಾನರಿನಿಂದ ಅರ್ಧ ಸುತ್ತು ಸಡಿಲಿಸಿ ಆ ಸಿಲಿಂಡರನ್ನು ಕೆಲಸದಿಂದ ಬಿಡಿಸಿದರೆ ವೇಗ ಎಷ್ಟು ಇಳಿಯುತ್ತದೆಂದು ಬರೆದುಕೊಂಡೆ. ಕನ್ನಡಕ, ದಪ್ಪ ಕೈಗವಸು ಹಾಕಿಕೊಂಡು, ನಟ್ಟಿನ ಮೇಲೆ ಬಟ್ಟೆ ಸುತ್ತಿ ಮಾಡುವ ಕೆಲಸವಿದು. ನಾಝಲಿನ ಪೈಪಿನ ಒತ್ತಡಕ್ಕೆ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಇಳಿಕೆಗಳು ಕ್ರಮವಾಗಿ 45, 50, 10, 45, 40, 50. ಮೂರನೆಯ ಸಿಲಿಂಡರ್ ಇದ್ದೂ ಇಲ್ಲದಂತೆ ಇತ್ತು.

ಆರೂ ನಾಝಲುಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ದಾರ ಕಟ್ಟಿ ಗುರುತು ಮಾಡಿ, ಕುಂದಾಪುರದ ಪಂಪ್ ಅಂಗಡಿಗೆ ಒಯ್ದೆ. ಪರೀಕ್ಷೆಗೆ ತಲಾ 150 ರೂಪಾಯಿಯಂತೆ 900. ಐದು ನಾಝಲುಗಳು 200 ಕಿಲೋ ಒತ್ತಡದ ಆಸುಪಾಸಿನಲ್ಲಿ ತೆರೆದು ಮಂಜಿನಂತೆ ಸಿಂಪಡಿಸಿದವು. ಮೂರನೆಯದು 150ಕ್ಕೇ ತೆರೆದು ನಲ್ಲಿಯಂತೆ ಹನಿಸಿತು. ಹೊಸ ನಾಝಲಿಗೆ 620 ರೂಪಾಯಿ.

ಮರಳಿ ಜೋಡಿಸುವಾಗ ನಡೆದ ತಪ್ಪನ್ನು ಒಪ್ಪಿಕೊಳ್ಳಲೇಬೇಕು. ಪ್ರತಿ ನಾಝಲಿನ ಕೆಳಗೆ ತಾಮ್ರದ ವಾಷರೊಂದು ಇರುತ್ತದೆ. ಬಿಚ್ಚಿದ ಆರು ನಾಝಲುಗಳ ಜೊತೆ ಐದೇ ವಾಷರು ಬಂದಿದ್ದವೆಂಬುದನ್ನು ನಾನು ಎಣಿಸಿರಲಿಲ್ಲ. ಆರನೆಯದು ಮೂರನೆಯ ಸಿಲಿಂಡರಿನ ಹೆಡ್ಡಿನಲ್ಲೇ ಮಸಿಯೊಡನೆ ಅಂಟಿ ಕೂತಿತ್ತು. ಅದರ ಮೇಲೆಯೇ ಹೊಸದನ್ನೂ ಹಾಕಿ ನಾಝಲ್ ಬಿಗಿದೆ. ಎಂಜಿನ್ ಸ್ಟಾರ್ಟ್ ಆಯಿತು, ಆದರೆ ಮೂರನೆಯ ನಾಝಲಿನ ಬುಡದಿಂದ ಚಿಕ್ ಚಿಕ್ ಎಂಬ ಸದ್ದು, ಸುತ್ತಲೂ ಕಪ್ಪು ಮಸಿ. ಒಂದು ವಾಷರಿನಷ್ಟು ಮೇಲೆ ಕೂತ ನಾಝಲ್ ಉರಿಯುವ ಅನಿಲವನ್ನೂ ತಡೆಯಲಿಲ್ಲ, ಸಿಂಪಡಣೆಯನ್ನೂ ತಪ್ಪು ಎತ್ತರದಿಂದ ಮಾಡಿತು. ಮರುದಿನ ಮತ್ತೆ ಬಿಚ್ಚಿ, ಗ್ರೀಸ್ ಹಚ್ಚಿದ ಚೂಪು ಮೊನೆಯ ಟ್ಯಾಪನ್ನು (ತೂತಿನಲ್ಲಿ ಸ್ಕ್ರೂವಿನ ಎಳೆ ಕೊರೆಯುವ ಉಪಕರಣ) ವಾಷರಿನ ತೂತಿಗೆ ಮೆಲ್ಲನೆ ತಿರುಗಿಸಿ ಕಚ್ಚಿಸಿ ಎಳೆದಾಗ ಹಳೆಯ ವಾಷರು ಹೊರಬಂತು. ಮಸಿಯ ಚೂರು ಒಳಗೆ ಬೀಳದಂತೆ ಮಾಡಿದ್ದು ಆ ಗ್ರೀಸೇ.

ಈಗ ಮೂರನೆಯ ಸಿಲಿಂಡರಿನ ಇಳಿಕೆ 38ಕ್ಕೆ ಬಂತು. ಉಳಿದವುಗಳಿಗಿಂತ ಇನ್ನೂ ಕಡಿಮೆ, ಆದರೆ ಎಂಜಿನ್ನಿನ ಸದ್ದು ಮೊದಲ ಬಾರಿಗೆ ಆರು ಸಿಲಿಂಡರಿನ ಸದ್ದಾಯಿತು.

ಆಗಸ್ಟ್ 10: ಐಡ್ಲಿಂಗ್ ಹೊಂದಿಸಿದ್ದು

ಇಷ್ಟಾದ ಮೇಲೆ ಸ್ಕ್ರೂವಿನ ಸರದಿ. ಈ ಸಲ ಮೊದಲು ವರ್ನಿಯರಿನಿಂದ ಲಾಕ್ ನಟ್ಟಿನಾಚೆ ಚಾಚಿದ ಸ್ಕ್ರೂವಿನ ಉದ್ದವನ್ನು ಅಳೆದು ಬರೆದೆ: 7.9 ಎಂಎಂ. ಎಂಜಿನ್ನನ್ನು ಸಾವಿರ ಸುತ್ತಿನಲ್ಲಿ 25 ನಿಮಿಷ ಓಡಿಸಿ ನೀರಿನ ಶಾಖ 78 ಡಿಗ್ರಿಗೆ ಬರುವವರೆಗೆ ಕಾದೆ. ಕೇಬಲ್ ಕಳಚಿಯೇ ಇತ್ತು, ಲಿವರು ಸ್ಕ್ರೂವಿಗೆ ತಾಗಿರುವುದನ್ನು ಬೆರಳಿನಿಂದ ಒತ್ತಿ ಖಚಿತಪಡಿಸಿಕೊಂಡೆ.

ಕಾಲು ಸುತ್ತಿಗೆ ವೇಗ ಸುಮಾರು 35 ಬದಲಾಗುತ್ತದೆಂದು ಕಂಡುಬಂತು. ಆದ್ದರಿಂದ ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಲೇ ತಿರುಗಿಸಲಿಲ್ಲ. ಪ್ರತಿ ಬದಲಾವಣೆಯ ಮೇಲೆ ಲಿವರನ್ನು 1,200ರವರೆಗೆ ಏರಿಸಿ ಥಟ್ಟನೆ ಬಿಟ್ಟು, ಮೂವತ್ತು ಸೆಕೆಂಡು ಕಾದು, ಆಮೇಲೆ ಅಳೆದೆ. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಕೂಡ ಒಂದಿಷ್ಟು ತಿರುಗಿ ಹತ್ತು ಹದಿನೈದು ಸುತ್ತು ಬದಲಾಗುತ್ತದೆ. ಸ್ಕ್ರೂಡ್ರೈವರಿನಿಂದ ಸ್ಕ್ರೂವನ್ನು ಹಿಡಿದುಕೊಂಡೇ ನಟ್ ಬಿಗಿಯಬೇಕು, ಬಿಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು.

ಮೊದಲು 600ಕ್ಕೆ ಇಟ್ಟೆ. ಕೈಪಿಡಿಯ ಪ್ರಕಾರ ಸರಿ, ಬೋಟಿನ ಪ್ರಕಾರ ತಪ್ಪು. 600ರಲ್ಲಿ ವೀಲ್ ಹೌಸಿನ ಗಾಜುಗಳೆಲ್ಲ ಗಲಗಲ ಎಂದವು, ಗೇರ್ ಬಾಕ್ಸಿನಲ್ಲಿ ಹಲ್ಲು ಕಡಿದಂಥ ಕಟಕಟ ಸದ್ದು ಶುರುವಾಯಿತು, ಚಾರ್ಜಿಂಗ್ ದೀಪ ಆರಲಿಲ್ಲ. 640ರಲ್ಲಿ ಮೂರೂ ನಿಂತವು.

ಉಳಿದದ್ದು ಸುಮಾರು 30 ಸುತ್ತಿನ ಸಣ್ಣ ಓಲಾಟ. ಆರ್‌ಎಸ್‌ವಿ ಗವರ್ನರಿನ ಹಿಂಬದಿಯ ಮುಚ್ಚಳದಲ್ಲಿ, ಟೋಪಿಯಂಥ ನಟ್ಟಿನ ಅಡಿಯಲ್ಲಿ, ಇನ್ನೊಂದು ಸಣ್ಣ ಸ್ಪ್ರಿಂಗಿನ ಸ್ಕ್ರೂ ಇದೆ. ಐಡ್ಲಿಂಗಿನಲ್ಲಿ ಓಲಾಟವನ್ನು ತಡೆಯುವುದೇ ಅದರ ಕೆಲಸ. ಅದನ್ನು ಒಂದು ಪೂರ್ತಿ ಸುತ್ತು ಒಳಕ್ಕೆ ತಿರುಗಿಸಿದೆ. ಓಲಾಟ ಮಾಯವಾಯಿತು, ಮುಖದಲ್ಲಿ ನಗು ಬಂತು; ಲಿವರನ್ನು ಏರಿಸಿ ಬಿಟ್ಟಾಗ ನಗು ಹೋಯಿತು. ವೇಗ 900ರಲ್ಲಿಯೇ ತೂಗಾಡುತ್ತ ಕೆಳಗೆ ಬರಲೊಲ್ಲದಾಯಿತು. ಆ ಸ್ಪ್ರಿಂಗ್ ಅತಿಯಾಗಿ ಒಳಗೆ ಹೋದರೆ ಅದು ಪಂಪಿನ ರ‍್ಯಾಕನ್ನು ಡೀಸೆಲ್ ಹೆಚ್ಚಿಸುವ ಕಡೆಗೆ ದೂಡುತ್ತಲೇ ಇರುತ್ತದೆ, ಎಂಜಿನ್ ಮಿತಿ ಮೀರಿ ಓಡುವ ಅಪಾಯವೂ ಇದೆ. ಸ್ಟಾಪ್ ಲಿವರ್ ಎಳೆದು ನಿಲ್ಲಿಸಿದೆ. ಇಂಥ ಕೆಲಸ ಮಾಡುವಾಗ ಗಾಳಿ ಒಳಹೋಗುವ ಬಾಯಿಯನ್ನು ಮುಚ್ಚಲು ಒಂದು ಹಲಗೆ ತುಂಡನ್ನು ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡಿದ್ದೆ, ಬೇಕಾಗಲಿಲ್ಲ. ಆ ಸ್ಪ್ರಿಂಗಿನ ಸ್ಕ್ರೂವನ್ನು ಪೂರ್ತಿ ಹೊರಕ್ಕೆ ತೆಗೆದು, ಮೊದಲಿದ್ದ ಜಾಗದಿಂದ ಕಾಲು ಸುತ್ತು ಮಾತ್ರ ಒಳಗೆ ಬಿಟ್ಟಾಗ ಓಲಾಟವೂ ನಿಂತಿತು, ವೇಗವೂ ಎರಡು ಸೆಕೆಂಡಿನಲ್ಲಿ ಇಳಿಯಿತು. ಸೀಸದ ಮುದ್ರೆಯಿರುವ ಇನ್ನುಳಿದ ಸ್ಕ್ರೂಗಳನ್ನು ಮುಟ್ಟಲಿಲ್ಲ; ಅವು ಪೂರ್ತಿ ಲೋಡ್ ಮತ್ತು ಗರಿಷ್ಠ ವೇಗದವು, ಪರೀಕ್ಷಾ ಯಂತ್ರದ ಮೇಲಷ್ಟೇ ಹೊಂದಿಸಬೇಕಾದವು.

ಆಗಸ್ಟ್ 11: ನಿಜವಾದ ಕಾರಣ

ಬೋಟನ್ನು ಜೆಟ್ಟಿಗೆ ಹಿಂದೆ ಮುಂದೆ ಎರಡೆರಡು ಹಗ್ಗಗಳಿಂದ ಬಿಗಿದು, ಬಿಸಿ ಎಂಜಿನ್ನಿನಲ್ಲಿ ಗೇರ್ ಪರೀಕ್ಷೆ ಮಾಡಿದೆವು. ನ್ಯೂಟ್ರಲ್ 640, ಮುಂದಿನ ಗೇರಿನಲ್ಲಿ 520. ಎಂಜಿನ್ ನಿಲ್ಲಲಿಲ್ಲ, ಆದರೆ 120 ಸುತ್ತು ಕುಸಿಯುವುದು ಸಹಜವಲ್ಲ. ಕಳೆದ ವರ್ಷ ಕಿವಿಗೂ ಅಷ್ಟು ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಪ್ರೊಪೆಲ್ಲರಿಗೆ ಬಲೆಯ ತುಂಡು ಸುತ್ತಿರಬಹುದೆಂದು ಬೋಟಿನ ಕೆಲಸದ ಹುಡುಗ, ಕಲಾಸಿಯೊಬ್ಬ ಮುಳುಗಿ ನೋಡಿ ಬಂದ. ಏನೂ ಇರಲಿಲ್ಲ.

ಕಾರಣ ಕಂಡದ್ದು ಆಕಸ್ಮಿಕವಾಗಿ. ಚೆಲ್ಲಿದ ಡೀಸೆಲ್ ಒರೆಸುತ್ತ ಅದೇ ಹುಡುಗ ಹಿಂದಕ್ಕೆ ತೆವಳಿದಾಗ ಅವನ ಮೊಣಕೈ ಸ್ಟರ್ನ್ ಟ್ಯೂಬಿನ ಗ್ಲ್ಯಾಂಡಿಗೆ ತಾಗಿ, "ಅಣ್ಣ, ಇದು ಸುಡ್ತಿತ್ತಲೇ" ಎಂದು ಕೈ ಎಳೆದುಕೊಂಡ. ನಾನು ಮುಟ್ಟಿ ನೋಡಿದೆ. ಎರಡು ಸೆಕೆಂಡು ಕೈ ಇಡಲಾಗಲಿಲ್ಲ. ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿ ಶಾಫ್ಟಿನ ಕಪ್ಲಿಂಗ್ ಹಿಡಿದು ತಿರುಗಿಸಿದೆ. ಎರಡು ಕೈಯಿಂದಲೂ ಕದಲಲಿಲ್ಲ. ಪೈಪ್ ರೆಂಚ್ ಹಾಕಿದ ಮೇಲೆ ತಿರುಗಿತು.

ಜುಲೈಯಲ್ಲಿ ನಾನೇ ಹಾಕಿದ ಪ್ಯಾಕಿಂಗ್ ಅದು. ನಾಲ್ಕು ಸುತ್ತು ಹಗ್ಗವನ್ನು ಓರೆಯಾಗಿ ಕತ್ತರಿಸಿ, ಸಂದುಗಳು ಒಂದರ ಮೇಲೊಂದು ಬರದಂತೆ ಜೋಡಿಸಿ, ಗ್ಲ್ಯಾಂಡಿನ ಎರಡು ನಟ್ಟುಗಳನ್ನು ಬಲವಾಗಿ ಬಿಗಿದಿದ್ದೆ. ಆಗ ಬೋಟು ದಡದ ಮೇಲಿತ್ತು. ನೀರಿನಲ್ಲಿರುವಾಗ ಗ್ಲ್ಯಾಂಡಿನಿಂದ ಹನಿ ಬೀಳುತ್ತಿದೆಯೇ ಎಂದು ನೋಡಿ ಬಿಗಿತವನ್ನು ನಿರ್ಧರಿಸುತ್ತೇವೆ. ದಡದ ಮೇಲೆ ಆ ಲೆಕ್ಕವೇ ಇಲ್ಲ. ನೀರಿಗಿಳಿಸಿದ ಮೇಲೆ ಸಡಿಲಿಸಬೇಕೆಂದು ಅಂದುಕೊಂಡದ್ದು ಬಣ್ಣ, ಬಲೆ, ಡೀಸೆಲ್‌ಗಳ ಗಡಿಬಿಡಿಯಲ್ಲಿ ಮರೆತುಹೋಯಿತು. ತಿರುಗುವ ಶಾಫ್ಟಿನ ಪ್ಯಾಕಿಂಗಿಗೆ ತಂಪೂ ಜಾರುವಿಕೆಯೂ ಬರುವುದು ಆ ಹನಿ ನೀರಿನಿಂದಲೇ. ತಳ ಒಣಗಿದೆಯೆಂದು ನಾಲ್ಕಾರು ಮಂದಿಯಲ್ಲಿ ಹೇಳಿಕೊಂಡಿದ್ದೆನಲ್ಲ, ಆ ಒಣಗಿದ ತಳವೇ ಪ್ಯಾಕಿಂಗ್ ಬ್ರೇಕಿನಂತೆ ಶಾಫ್ಟನ್ನು ಹಿಡಿದಿರುವುದರ ಗುರುತಾಗಿತ್ತು.

ಎರಡೂ ನಟ್ಟುಗಳನ್ನು ಸಮನಾಗಿ, ಆರನೆಯ ಒಂದು ಸುತ್ತಿನಂತೆ ಸಡಿಲಿಸುತ್ತ ಹೋದೆ. ಒಂದನ್ನು ಹೆಚ್ಚು ಸಡಿಲಿಸಿದರೆ ಗ್ಲ್ಯಾಂಡ್ ಓರೆಯಾಗಿ ಶಾಫ್ಟಿಗೆ ಉಜ್ಜುತ್ತದೆ. ಒಟ್ಟು ಅರ್ಧ ಸುತ್ತು ಸಡಿಲಿಸಿದಾಗ, ಶಾಫ್ಟ್ ತಿರುಗುತ್ತಿರುವಾಗ ಐದಾರು ಸೆಕೆಂಡಿಗೊಂದು ಹನಿ ಬೀಳತೊಡಗಿತು. ಅರ್ಧ ಗಂಟೆ ಓಡಿಸಿದ ಮೇಲೂ ಗ್ಲ್ಯಾಂಡಿನ ಮೇಲೆ ಕೈ ಇಡಬಹುದಾಗಿತ್ತು. ಅಳತೆ: ನ್ಯೂಟ್ರಲ್ 640, ಮುಂದಕ್ಕೆ 585, ಹಿಂದಕ್ಕೆ 570. ಆಯಿಲ್ ಒತ್ತಡ ಬಿಸಿಯಲ್ಲಿ 1.5 ಕಿಲೋ. ಕಳಚಿಟ್ಟ ಕೇಬಲನ್ನು ಜೋಡಿಸುವಾಗ, ಲಿವರು ಸ್ಕ್ರೂವಿಗೆ ತಾಗಿದ ಮೇಲೂ ಕೇಬಲಿನಲ್ಲಿ ಒಂದು ಮಿಲಿಮೀಟರ್ ಸಡಿಲ ಉಳಿಯುವಂತೆ ನೋಡಿಕೊಂಡೆ.

ಗಾಳಿ, ನೀರು, ನಾಝಲ್, ಕೇಬಲ್ ಇವೆಲ್ಲವೂ ನಿಜವಾದ ದೋಷಗಳೇ, ಸರಿಪಡಿಸಲೇಬೇಕಾಗಿದ್ದವು. ನ್ಯೂಟ್ರಲ್‌ನಲ್ಲಿನ ಓಲಾಟ ಅವುಗಳಿಂದಲೇ ಬಂದದ್ದು. ಆದರೆ ಗೇರಿಗೆ ಹಾಕಿದಾಗ ಎಂಜಿನ್ ನಿಲ್ಲುತ್ತಿದ್ದುದಕ್ಕೆ ಮುಖ್ಯ ಕಾರಣ ನಾನು ಬಿಗಿದ ಎರಡು ನಟ್ಟುಗಳು. ನ್ಯೂಟ್ರಲ್‌ನಲ್ಲಿ ಓಡಿ ಗೇರಿನಲ್ಲಿ ಮಾತ್ರ ನಿಲ್ಲುವ ಎಂಜಿನ್ನಿನ ತೊಂದರೆಯನ್ನು ಗೇರಿನ ಹಿಂದೆ ಹುಡುಕಬೇಕೆಂಬುದು, ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಲು ಅರ್ಧ ನಿಮಿಷ ಸಾಕೆಂಬುದು, ಆಗಸ್ಟ್ 3ರಂದೇ ಹೊಳೆಯಬೇಕಾಗಿತ್ತು.

ಖರ್ಚು

ಟ್ಯಾಕೊಮೀಟರ್ 1,150, ಕೇಬಲ್ 1,850, ವಾಷರುಗಳು 180, ಫಿಲ್ಟರುಗಳು 760, ನಾಝಲ್ ಪರೀಕ್ಷೆ 900, ಹೊಸ ನಾಝಲ್ 620, ಪೈಪು 60. ಒಟ್ಟು 5,520 ರೂಪಾಯಿ. ಪರೀಕ್ಷೆಗಾಗಿ ಉರಿಸಿದ ಡೀಸೆಲ್ ಅಂದಾಜು 16 ಲೀಟರ್, ಇದರಲ್ಲಿ ಸೇರಿಲ್ಲ. ಗ್ಲ್ಯಾಂಡಿನ ಖರ್ಚು ಸೊನ್ನೆ. ಕಡಲಿಗೆ ಹೋಗದೆ ಕಳೆದದ್ದು ಆರು ದಿನ; ಋತುವಿನ ಆರಂಭದ ಆರು ದಿನವೆಂದರೆ ಏನೆಂದು ಬಂದರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಚಿಕ್ಕಪ್ಪನೂ ಬಾಯಿಬಿಟ್ಟು ಹೇಳಲಿಲ್ಲ.

ಆಗಸ್ಟ್ 12 ಮತ್ತು ಆಮೇಲೆ

ಅಳಿವೆ ದಾಟಿ ಹೋಗಿ ಬಂದೆವು. ಹಿಂತಿರುಗುವಾಗ ಇಳಿತದ ಸೆಳೆತದಲ್ಲಿ ಚಿಕ್ಕಪ್ಪ ಬೇಕೆಂದೇ ಮೂರು ಸಲ ಮುಂದಕ್ಕೂ ಹಿಂದಕ್ಕೂ ಗೇರ್ ಬದಲಿಸಿ ನೋಡಿದರು. ಎಂಜಿನ್ ನಿಲ್ಲಲಿಲ್ಲ, ಹೊಡೆತವೂ ಇರಲಿಲ್ಲ. ಸ್ಕ್ರೂವಿನ ಈಗಿನ ಚಾಚು 7.4 ಎಂಎಂ, ಲಾಕ್ ನಟ್ಟಿನ ಮೇಲೆ ಹಳದಿ ಬಣ್ಣದ ಗೆರೆ ಎಳೆದು, ಅದೇ ಅಂಕಿಯನ್ನು ವೀಲ್ ಹೌಸಿನ ಬಾಗಿಲಿನ ಒಳಬದಿಯಲ್ಲಿ ಬರೆದಿದ್ದೇನೆ. ಅದರ ಕೆಳಗೆ, ಬೋಟು ನೀರಿಗಿಳಿದ ದಿನವೇ ಗ್ಲ್ಯಾಂಡ್ ಸಡಿಲಿಸಬೇಕೆಂದೂ ಬರೆದಿದೆ.

ಆಗಸ್ಟ್ 22ರಂದು ಮತ್ತೆ ಅಳೆದಾಗ ಬಿಸಿ ಎಂಜಿನ್ನಿನಲ್ಲಿ 645 ಇತ್ತು. ಬೆಳಗಿನ ಜಾವ ತಣ್ಣಗಿರುವಾಗ ಮೊದಲ ಐದು ನಿಮಿಷ 590ರಲ್ಲಿ ಓಡಿ ಗಾಜುಗಳು ಗಲಗಲ ಎನ್ನುತ್ತವೆ. ಅದಕ್ಕಾಗಿ ಸ್ಕ್ರೂವನ್ನು ಮುಟ್ಟುವುದಿಲ್ಲ, ಕೈಯಿಂದ ಲಿವರನ್ನು ಸ್ವಲ್ಪ ಏರಿಸಿ ಹಿಡಿಯುತ್ತೇವೆ. ಪ್ಯಾಕಿಂಗ್ ಹಗ್ಗ ಆ ಕೆಲವು ದಿನ ಸುಟ್ಟಿದ್ದರಿಂದಲೋ ಏನೋ ಹನಿ ಈಗ ಮೂರು ಸೆಕೆಂಡಿಗೊಂದಾಗಿದೆ. ಈ ಋತುವಿನ ನಡುವೆ ಒಮ್ಮೆ ಬದಲಿಸಬೇಕಾಗಬಹುದು. ಮೂರನೆಯ ಸಿಲಿಂಡರಿನ 38 ಇನ್ನೂ 38ರಲ್ಲಿಯೇ ಇದೆ. ನಾಝಲ್ ಹೊಸದಾದ್ದರಿಂದ ಇನ್ನು ಉಳಿದಿರುವುದು ವಾಲ್ವು ಅಥವಾ ರಿಂಗು. ಮುಂದಿನ ಜೂನ್‌ನಲ್ಲಿ ಬೋಟನ್ನು ದಡಕ್ಕೆ ಎಳೆದಾಗ ಹೆಡ್ ಬಿಚ್ಚಿ ನೋಡುವುದು.